ತಾಯಿಯ ಕಣ್ಣೊಂದೇ ಸಾಲದು

ಕೃಷಿ ಹೊಂಡದಲ್ಲಿ ಮುಳುಗಿ ಇಬ್ಬರು ಮಕ್ಕಳ ಸಾವು. ಕುದಿಯುವ ನೀರಿನ ಬಕೆಟ್ಟಿಗೆ ಬಿದ್ದ ಮಗು ಚಿಕಿತ್ಸೆ ಫಲಿಸದೆ ಸಾವು. ಕಟ್ಟಡದ ಸಂಪಿಗೆ ಬಿದ್ದು ಕಾರ್ಮಿಕ ದಂಪತಿಯ ಕೂಸು ಸಾವು. ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಇಂಥ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಸುದ್ದಿಯ ಹಿಂದೆಯೇ ಒಂದು ಬುದ್ಧಿಮಾತೂ ಬರುತ್ತದೆ: ಪೋಷಕರು ಮಕ್ಕಳ ಮೇಲೆ ನಿಗಾ ಇಡಬೇಕು. ಸ್ಥಳಕ್ಕೆ ಬಂದ ಅಧಿಕಾರಿ ಹೇಳುವುದು ಅದನ್ನೇ. ಆಸ್ಪತ್ರೆ ಗೋಡೆಯ ಚಿತ್ರಪಟದಲ್ಲಿ ಬರೆದಿರುವುದೂ ಅದೇ. ಅಂಗನವಾಡಿಯಲ್ಲಿ ತಾಯಂದಿರನ್ನು ಕೂರಿಸಿ ಸುರಕ್ಷತೆಯ ಬಗ್ಗೆ ಮಾತಾಡುವಾಗಲೂ ಮಾತು ಸುತ್ತಿ ಬಂದು ನಿಲ್ಲುವುದು ಅಲ್ಲಿಯೇ.

ಹೀಗೆ ಹೇಳುವವರ ಕಾಳಜಿಯನ್ನು ನಾನು ಶಂಕಿಸುವುದಿಲ್ಲ. ಅವರಲ್ಲಿ ಅನೇಕರು ಸುಟ್ಟ ಮಕ್ಕಳಿಗೆ ಪಟ್ಟಿ ಕಟ್ಟಿದವರು, ಹೊಂಡದಿಂದ ಮಕ್ಕಳ ದೇಹ ಮೇಲೆತ್ತಿದವರು. ಆದರೂ ಅವರೊಡನೆ ವಿನಯದಿಂದಲೇ ಭಿನ್ನಾಭಿಪ್ರಾಯ ಹೇಳಬೇಕಾಗಿದೆ. ‘ನಿಗಾ ಇಡಿ’ ಎಂಬ ಪಾಠದಿಂದ ಮಕ್ಕಳು ಉಳಿಯುವುದಿಲ್ಲ. ಅದು ಮಗು ಕಳೆದುಕೊಂಡ ತಾಯಿಯ ತಲೆಯ ಮೇಲೆ ಆಯುಷ್ಯವಿಡೀ ಹೊರಬೇಕಾದ ಅಪರಾಧವೊಂದನ್ನು ಹೊರಿಸುತ್ತದೆ. ಮಗುವನ್ನು ಕೊಂದ ಹೊಂಡ, ಬಕೆಟ್ಟು, ಸಂಪು ಮಾತ್ರ ಮರುದಿನವೂ ಹಾಗೆಯೇ ಬಾಯಿ ತೆರೆದುಕೊಂಡಿರುತ್ತವೆ.

ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ನಮ್ಮ ಹಳ್ಳಿಯ ಒಬ್ಬ ತಾಯಿ ಏನು ಮಾಡುತ್ತಿರುತ್ತಾಳೆ ನೋಡಿ. ಗಂಡ ಹೊಲಕ್ಕೋ ಕೂಲಿಗೋ ಹೋಗಿದ್ದಾನೆ. ದೊಡ್ಡ ಮಕ್ಕಳು ಶಾಲೆಗೆ ಹೋಗಿವೆ. ಒಲೆಯ ಮೇಲೆ ಸಾರು ಕುದಿಯುತ್ತಿದೆ, ಬಟ್ಟೆ ನೆನೆದಿದೆ, ನಲ್ಲಿಯಲ್ಲಿ ನೀರು ಬರುವ ಹೊತ್ತೂ ಅದೇ. ಎಮ್ಮೆಗೆ ಹುಲ್ಲು ಹಾಕಬೇಕು, ಮಂಚದಲ್ಲಿರುವ ಅತ್ತೆಗೆ ಗಂಜಿ ಕೊಡಬೇಕು. ಹೊಸದಾಗಿ ಹೆಜ್ಜೆಯಿಡಲು ಕಲಿತ ಒಂದೂವರೆ ವರ್ಷದ ಮಗು ಇಷ್ಟರ ನಡುವೆ ಅಂಗಳದಲ್ಲಿದೆ. ನೀರಿಗೆ ಬಿದ್ದ ಪುಟ್ಟ ಮಗು ಕೂಗುವುದಿಲ್ಲ, ಕೈ ಬಡಿಯುವುದೂ ಕಡಿಮೆ, ಸದ್ದಿಲ್ಲದೆ ಮುಳುಗುತ್ತದೆ. ಉಸಿರು ನಿಂತ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಸರಿಪಡಿಸಲಾಗದ ಹಾನಿಯಾಗುತ್ತದೆ. ಬೆರಳುದ್ದ ನೀರೂ ಇದಕ್ಕೆ ಸಾಕು. ಈ ತಾಯಿಗೆ ‘ಕಣ್ಣಲ್ಲಿ ಕಣ್ಣಿಟ್ಟು ನೋಡಿಕೋ’ ಎಂದು ಹೇಳಿದರೆ, ಅವಳು ಯಾವ ಕೆಲಸ ಬಿಡಬೇಕೆಂದೂ ಹೇಳಬೇಕಲ್ಲವೇ? ಅದನ್ನು ಯಾರೂ ಹೇಳುವುದಿಲ್ಲ. ಹೇಳಲು ಸಾಧ್ಯವೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2008ರಲ್ಲಿ ಮಕ್ಕಳ ಗಾಯಗಳ ಬಗ್ಗೆ ಒಂದು ಜಾಗತಿಕ ವರದಿ ಹೊರತಂದವು. ಉದ್ದೇಶಪೂರ್ವಕವಲ್ಲದ ಗಾಯಗಳಿಂದ ವರ್ಷಕ್ಕೆ ಸುಮಾರು 8.3 ಲಕ್ಷ ಮಕ್ಕಳು, ಅಂದರೆ ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಸಾಯುತ್ತಾರೆಂದು ಅದು ಲೆಕ್ಕ ಹಾಕಿತು. ರಸ್ತೆ ಅಪಘಾತ, ನೀರು, ಬೆಂಕಿ, ಬೀಳುವುದು, ವಿಷ ಇವು ಮುಖ್ಯ ಕಾರಣಗಳು. ಗಾಯದಿಂದಾಗುವ ಮಕ್ಕಳ ಸಾವುಗಳಲ್ಲಿ ಬಹುತೇಕ ಎಲ್ಲವೂ ಬಡ ಮತ್ತು ಮಧ್ಯಮ ಆದಾಯದ ದೇಶಗಳವು. ಸಾವಿಗೆ ಕಾರಣ ತಾಯಂದಿರ ಅಜಾಗರೂಕತೆ ಎನ್ನುವುದಾದರೆ, ಬಡ ದೇಶಗಳ ತಾಯಂದಿರು ಶ್ರೀಮಂತ ದೇಶಗಳ ತಾಯಂದಿರಿಗಿಂತ ಅಷ್ಟೊಂದು ಪಾಲು ಮೈಮರೆತವರು ಎಂದೇ ಹೇಳಬೇಕಾಗುತ್ತದೆ. ಹಾಗೆ ಯಾರಾದರೂ ನಂಬುತ್ತಾರೆಯೇ? ತಾಯಂದಿರ ಪ್ರೀತಿ ಎಲ್ಲ ಕಡೆಯೂ ಒಂದೇ. ಸುತ್ತಲಿನ ಮನೆ, ರಸ್ತೆ, ಒಲೆ, ಬಾಗಿಲು, ಸೀಸೆ ಬೇರೆ ಬೇರೆ.

ಸೀಸೆಯ ವಿಷಯದಲ್ಲಿ ಕೆನಡಾದ ಒಬ್ಬ ವೈದ್ಯರ ಅನುಭವವನ್ನು ಇಲ್ಲಿ ಹೇಳಬೇಕು. ಒಂಟಾರಿಯೊ ಪ್ರಾಂತದ ವಿಂಡ್ಸರ್ ನಗರದಲ್ಲಿ ಹೆನ್ರಿ ಬ್ರೊ ಎಂಬ ಮಕ್ಕಳ ತಜ್ಞರಿದ್ದರು. ಮನೆಯಲ್ಲಿದ್ದ ಮಾತ್ರೆ ನುಂಗಿದ ಮಕ್ಕಳನ್ನು ಹೊತ್ತು ಅಪ್ಪ ಅಮ್ಮಂದಿರು ಅವರ ಆಸ್ಪತ್ರೆಗೆ ಓಡಿಬರುತ್ತಿದ್ದರು. ಮಕ್ಕಳ ಹೊಟ್ಟೆ ತೊಳೆದು ತೊಳೆದು ಅವರು ಬಳಲಿದ್ದರು. ನಾವೆಲ್ಲ ಮಾಡುವುದನ್ನೇ ಮೊದಲು ಅವರೂ ಮಾಡಿದರು. ಔಷಧಿಯನ್ನು ಮಕ್ಕಳಿಗೆ ಎಟುಕದಂತೆ ಇಡಿ ಎಂದು ತಂದೆತಾಯಿಗಳಿಗೆ ತಿಳಿವಳಿಕೆ ಕೊಟ್ಟರು, ಪ್ರಚಾರ ಮಾಡಿದರು. ಅದರಿಂದ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಆಗ ಅವರ ಗಮನ ಸೀಸೆಯ ಮುಚ್ಚಳದ ಕಡೆಗೆ ಹೊರಳಿತು. ಒತ್ತಿ ತಿರುಗಿಸಿದರೆ ಮಾತ್ರ ತೆರೆಯುವ, ಪುಟ್ಟ ಕೈಗಳಿಗೆ ಬಗ್ಗದ ಮುಚ್ಚಳ 1967ರಲ್ಲಿ ಬಂತು. ಆ ಊರಿನ ಸುತ್ತಮುತ್ತ ಮಕ್ಕಳ ವಿಷಪ್ರಾಶನದ ಪ್ರಕರಣ ಶೇ 91ರಷ್ಟು ಇಳಿಯಿತು. ಅಮೆರಿಕ 1970ರಲ್ಲಿ ಇಂಥ ಮುಚ್ಚಳಕ್ಕಾಗಿಯೇ ಕಾಯ್ದೆ ಮಾಡಿತು. ವಿಂಡ್ಸರಿನ ತಾಯಂದಿರು ಆ ಕೆಲವೇ ವರ್ಷಗಳಲ್ಲಿ ಹೆಚ್ಚು ಜಾಣರಾದರೇ? ಇಲ್ಲ. ಅವರು ಮೊದಲಿದ್ದಂತೆಯೇ ಇದ್ದರು, ದಣಿಯುತ್ತಿದ್ದರು, ಮರೆಯುತ್ತಿದ್ದರು, ಫೋನು ಬಂದರೆ ಎದ್ದು ಹೋಗುತ್ತಿದ್ದರು. ಅವರು ಮರೆತ ಗಳಿಗೆಯಲ್ಲಿ ಮುಚ್ಚಳ ಮಗುವನ್ನು ಕಾಯಿತು.

ನ್ಯೂಯಾರ್ಕ್ ನಗರದ ಕತೆಯೂ ಇದರ ಹತ್ತಿರದ್ದೇ. ಬಹುಮಹಡಿ ಕಟ್ಟಡಗಳ ಕಿಟಕಿಯಿಂದ ಮಕ್ಕಳು ಬಿದ್ದು ಸಾಯುತ್ತಿದ್ದ ಆ ನಗರದಲ್ಲಿ 1972ರಲ್ಲಿ ಆರೋಗ್ಯ ಇಲಾಖೆ ಒಂದು ಕಾರ್ಯಕ್ರಮ ಶುರು ಮಾಡಿತು. ಕಾರ್ಯಕರ್ತರು ಮನೆಮನೆಗೆ ಹೋಗಿ ಮಾತಾಡಿದರು. ಬರಿಗೈಲಿ ಹೋಗಲಿಲ್ಲ, ಕಿಟಕಿಗೆ ಹಾಕುವ ಸರಳುಗಳನ್ನು ಬಿಟ್ಟಿಯಾಗಿ ಕೊಟ್ಟರು. ಬ್ರಾಂಕ್ಸ್ ಪ್ರದೇಶದಲ್ಲಿ ಎರಡೇ ವರ್ಷದಲ್ಲಿ ಬೀಳುವ ಪ್ರಕರಣ ಅರ್ಧಕ್ಕೆ ಇಳಿಯಿತು. ಹತ್ತು ವರ್ಷದೊಳಗಿನ ಮಕ್ಕಳಿರುವ ಮನೆಗೆ ಸರಳು ಹಾಕಿಸಿಕೊಡುವುದು ಮನೆ ಮಾಲೀಕನ ಹೊಣೆ ಎಂದು 1976ರಲ್ಲಿ ನಗರ ನಿಯಮವನ್ನೇ ಮಾಡಿತು. ಬಾಡಿಗೆಗೆ ಇರುವವಳಿಗೆ ಪಾಠ, ಮಾಲೀಕನಿಗೆ ಕರ್ತವ್ಯ. ಈ ಎರಡನೆಯ ಭಾಗ ನಮ್ಮಲ್ಲಿ ಬಿಟ್ಟೇ ಹೋಗಿದೆ.

ಹಾಗಾದರೆ ಕುಟುಂಬಗಳಿಗೆ ಸುರಕ್ಷತಾ ಶಿಕ್ಷಣವೇ ಬೇಡವೇ? ಖಂಡಿತ ಬೇಕು. ಆದರೆ ಈಗಿನ ಪಾಠ ತಪ್ಪು ವಿಷಯವನ್ನು, ಅದರಲ್ಲೂ ತಪ್ಪು ಜನರಿಗೆ ಹೇಳುತ್ತಿದೆ.

ಜನರ ವಿಷಯ ಮೊದಲು ತೆಗೆದುಕೊಳ್ಳುತ್ತೇನೆ. ಅಂಗನವಾಡಿಯ ಸಭೆಗೆ ಬರುವವಳು ಸೊಸೆ. ಹತ್ತಿಗೆ ಹೊಡೆಯುವ ಕೀಟನಾಶಕವನ್ನು ಖಾಲಿ ತಂಪು ಪಾನೀಯದ ಬಾಟಲಿಗೆ ಬಗ್ಗಿಸಿಕೊಂಡು ಬಂದು ಕಿಟಕಿಯ ಮೇಲಿಡುವವನು ಗಂಡ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎಲೆಅಡಿಕೆ ಚೀಲದಲ್ಲೋ ದಿಂಬಿನಡಿಯಲ್ಲೋ ಇಟ್ಟುಕೊಳ್ಳುವವರು ಅಜ್ಜಿ. ಆ ಮಾತ್ರೆಗಳಲ್ಲಿ ಕೆಲವನ್ನು ಒಂದೇ ಒಂದು ನುಂಗಿದರೂ ಪುಟ್ಟ ಮಗುವಿನ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ತಾರಸಿಗೆ ಕೈಗಂಬಿ ಬೇಕೇ ಬೇಡವೇ ಎಂದು ತೀರ್ಮಾನಿಸುವವರು ಮಾವ. ಬಾಲ್ಕನಿಗೆ ಅಂದವಾಗಿ ಕಾಣಲೆಂದು ಅಡ್ಡಡ್ಡ ಕಂಬಿ ಹಾಕಿಸಿ, ಎರಡು ವರ್ಷದ ಮಗು ಹತ್ತಲು ಮೆಟ್ಟಿಲು ಮಾಡಿಕೊಟ್ಟವರು ಗುತ್ತಿಗೆದಾರರು. ಬೈಕಿನ ಟ್ಯಾಂಕಿನ ಮೇಲೆ ಮಗುವನ್ನು ಕೂರಿಸಿಕೊಂಡು ಹೊರಡುವವನೂ ತಾಯಿಯಲ್ಲ. ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ಟೂ ಸವಾರನಿಗೆ ಕಟ್ಟಿದ ಸುರಕ್ಷತಾ ಪಟ್ಟಿಯೂ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ಕೇಂದ್ರದ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಅದನ್ನು ಪಾಲಿಸುವ ಸವಾರರನ್ನು ನಮ್ಮ ಬೀದಿಗಳಲ್ಲಿ ಹುಡುಕಬೇಕು.

ಮನೆಯಲ್ಲಿ ದುಡ್ಡು, ಮೊಳೆ, ಸುತ್ತಿಗೆ ಯಾರ ಕೈಯಲ್ಲಿದೆಯೋ ಅವರು ಯಾರೂ ಆ ಸಭೆಗೆ ಬರುವುದಿಲ್ಲ. ಯಾವುದನ್ನೂ ಬದಲಿಸುವ ಅಧಿಕಾರವಿಲ್ಲದ ಹೆಂಗಸನ್ನು ಕೂರಿಸಿ ಅಪಾಯಗಳ ಪಟ್ಟಿ ಓದಿದರೆ ಅವಳಿಗೆ ಮನೆಗೆ ಹೊತ್ತೊಯ್ಯಲು ಸಿಗುವುದು ಭಯ ಮಾತ್ರ. ಆ ಭಯ ಇನ್ನೊಂದು ಅನಾಹುತಕ್ಕೂ ದಾರಿ ಮಾಡುತ್ತದೆ. ಬೈಗುಳಕ್ಕೆ ಹೆದರಿದವಳು ಮಗು ಏನೋ ನುಂಗಿದೆ ಎನ್ನುವುದನ್ನು ಮುಚ್ಚಿಡಬಹುದು, ಸುಟ್ಟ ಕೈಗೆ ಟೂತ್‌ಪೇಸ್ಟು ಸವರಿ ಸಂಜೆಯವರೆಗೆ ಕಾಯಬಹುದು.

ಇನ್ನು ವಿಷಯ. ನಡವಳಿಕೆಯನ್ನು ದಿನವೂ ತಿದ್ದಬೇಕು, ವಸ್ತುವನ್ನು ಒಮ್ಮೆ ಬದಲಿಸಿದರೆ ಸಾಕು. ಅಮೆರಿಕದ ವೈದ್ಯ ವಿಲಿಯಂ ಹ್ಯಾಡನ್ ಅರ್ಧ ಶತಮಾನದ ಹಿಂದೆಯೇ ಇದನ್ನು ಶಾಸ್ತ್ರೀಯವಾಗಿ ವಾದಿಸಿದರು. 1966ರಲ್ಲಿ ಆ ದೇಶದ ಹೆದ್ದಾರಿ ಸುರಕ್ಷತೆಯ ಹೊಣೆ ಹೊತ್ತವರು ಅವರು. ಮನುಷ್ಯ ಕ್ಷಣಕ್ಷಣವೂ ಎಚ್ಚರವಾಗಿದ್ದರೆ ಮಾತ್ರ ಕೆಲಸ ಮಾಡುವ ರಕ್ಷಣೆಗಿಂತ, ಅವನು ಮೈಮರೆತಾಗಲೂ ಕೆಲಸ ಮಾಡುವ ರಕ್ಷಣೆಯೇ ಹೆಚ್ಚು ಜೀವ ಉಳಿಸುತ್ತದೆ ಎಂಬುದು ಅವರ ನಿಲುವಿನ ಸಾರ. ಮನೆಯೊಳಗಿನ ಸುರಕ್ಷತೆಯ ಬಗ್ಗೆ ನಾಟಿಂಗ್‌ಹ್ಯಾಮಿನ ಡೆನಿಸ್ ಕೆಂಡ್ರಿಕ್ ಮತ್ತು ಸಂಗಡಿಗರು ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದಾರೆ. ಶಿಕ್ಷಣದಿಂದ ಮನೆಯವರ ಅಭ್ಯಾಸಗಳು ಸುಧಾರಿಸುತ್ತವೆ, ಔಷಧಿ ಎತ್ತರಕ್ಕೆ ಹೋಗುತ್ತದೆ, ಮೆಟ್ಟಿಲಿಗೆ ಅಡ್ಡಬಾಗಿಲು ಬರುತ್ತದೆ ಎಂಬುದು ಅಲ್ಲಿ ಕಾಣುತ್ತದೆ. ಗಾಯಗಳೇ ಕಡಿಮೆಯಾದವು ಎನ್ನಲು ಸಿಗುವ ಆಧಾರ ಅದಕ್ಕಿಂತ ತೆಳು. ಆದ್ದರಿಂದ ಪಾಠದ ಜೊತೆಗೆ ಸಲಕರಣೆಯನ್ನೂ ಕೈಗೆ ಕೊಡಬೇಕು ಎನ್ನುವುದು ನನ್ನ ವಾದ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಕರಪತ್ರದ ಜೊತೆ ಒಂದು ಚಿಲಕ, ಒಂದು ಬೀಗ, ನಾಲ್ಕು ತಿರುಪು ಇರಲಿ.

ಒಳ್ಳೆಯ ಪಾಠ ಹೇಗಿರಬೇಕು? ಅದು ಸಭಾಂಗಣದಲ್ಲಿ ನಡೆಯುವುದು ಬೇಡ, ಮನೆಯಲ್ಲೇ ನಡೆಯಲಿ. ಮನೆಯ ದೊಡ್ಡವರೆಲ್ಲ, ಗಂಡಸರೂ ಸೇರಿ, ಮಂಡಿಯೂರಿ ಕುಳಿತು ಮಗುವಿನ ಎತ್ತರದಿಂದ ಒಮ್ಮೆ ಮನೆ ನೋಡಲಿ. ದೇವರ ಮುಂದಿನ ತಟ್ಟೆಯಲ್ಲಿ ಕರ್ಪೂರ ಕಲ್ಲುಸಕ್ಕರೆಯಂತೆ ಬೆಳ್ಳಗೆ ಹೊಳೆಯುತ್ತಿರುತ್ತದೆ. ಕರ್ಪೂರ ಸ್ವಲ್ಪ ಹೊಟ್ಟೆಗೆ ಹೋದರೂ ಎಳೆಯ ಮಗುವಿಗೆ ಫಿಟ್ಸ್ ಬರಬಹುದು ಎಂಬುದು ಎಷ್ಟು ಮನೆಗಳಿಗೆ ಗೊತ್ತಿದೆ? ಬಸುರಿಗೆ ಕೊಟ್ಟ ಕೆಂಪು ಕಬ್ಬಿಣದ ಮಾತ್ರೆ ಪೆಪ್ಪರ್ಮಿಂಟಿನಂತೆ ಕಾಣುತ್ತದೆ. ಅದನ್ನು ಹಿಡಿತುಂಬ ತಿಂದ ಮಗುವಿನ ಪ್ರಾಣಕ್ಕೇ ಕುತ್ತು. ಇಲಿ ಪಾಷಾಣದ ಪೇಸ್ಟು ಹಲ್ಲುಜ್ಜುವ ಪೇಸ್ಟಿನಂಥದೇ ಕೊಳವೆಯಲ್ಲಿ ಬರುತ್ತದೆ. ಆಟಿಕೆ ಮತ್ತು ರಿಮೋಟುಗಳ ನಾಣ್ಯದಂಥ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅದನ್ನು ಸುಟ್ಟುಬಿಡಬಲ್ಲದು. ಮೂರು ವರ್ಷದೊಳಗಿನ ಮಗುವಿನ ಕೈಗೆ ಪ್ರೀತಿಯಿಂದ ಕೊಟ್ಟ ಇಡೀ ಕಡಲೆಬೀಜ ಶ್ವಾಸನಾಳಕ್ಕೆ ಜಾರಬಹುದು, ಎಕ್ಸ್‌ರೇಯಲ್ಲಿ ಅದು ಕಾಣುವುದೂ ಇಲ್ಲ. ನಿನ್ನೆ ಎಟುಕದ ಗೂಡು ಇವತ್ತು ಮಗುವಿಗೆ ಎಟುಕುತ್ತದೆ. ಮಗು ಬೆಳೆಯುವುದು ನಮ್ಮ ಎಚ್ಚರಕ್ಕಿಂತ ಬೇಗ.

ಬಚ್ಚಲುಮನೆಯ ಬಗ್ಗೆ ಎರಡು ಮಾತು ಹೆಚ್ಚೇ ಹೇಳಬೇಕು. ನಮ್ಮಲ್ಲಿ ಹಂಡೆಯಿಂದಲೋ ಗೀಸರಿನಿಂದಲೋ ಮೊದಲು ಬಿಸಿನೀರು ಬಕೆಟ್ಟಿಗೆ ಸುರಿದು, ಆಮೇಲೆ ತಣ್ಣೀರು ಬೆರೆಸುವ ರೂಢಿ. ಬೆರೆಸುವ ಮುಂಚಿನ ಆ ಒಂದೆರಡು ನಿಮಿಷದಲ್ಲೇ ಮಕ್ಕಳು ಬೀಳುವುದು. ತಣ್ಣೀರು ಮೊದಲು, ಬಿಸಿನೀರು ಆಮೇಲೆ ಎಂದು ಕ್ರಮ ತಿರುಗಿಸಿದರೆ ಕಾಸಿನ ಖರ್ಚಿಲ್ಲದೆ ಅಪಾಯ ತಗ್ಗುತ್ತದೆ. ಕಾಯಿಲ್ ಹಾಕಿ ನೀರು ಕಾಯಿಸುವ ಮನೆಗಳಲ್ಲಿ ಬಚ್ಚಲಿನ ಬಾಗಿಲಿಗೆ ಎತ್ತರದಲ್ಲಿ ಚಿಲಕವೊಂದು ಬೇಕೇ ಬೇಕು. 60 ಡಿಗ್ರಿ ಸೆಲ್ಸಿಯಸ್ ನೀರು ದೊಡ್ಡವರ ಚರ್ಮವನ್ನೇ ಕೆಲವು ಸೆಕೆಂಡುಗಳಲ್ಲಿ ಸುಡುತ್ತದೆ, ಮಗುವಿನ ತೆಳು ಚರ್ಮವನ್ನು ಇನ್ನೂ ಬೇಗ. 49 ಡಿಗ್ರಿಯಲ್ಲಿ ಅದೇ ಗಾಯವಾಗಲು ನಿಮಿಷಗಳು ಬೇಕು, ಅಷ್ಟರಲ್ಲಿ ಮಗುವನ್ನು ಎತ್ತಿಕೊಳ್ಳಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯ ಹೊಸ ಗೀಸರುಗಳನ್ನು 49 ಡಿಗ್ರಿಗೇ ಹೊಂದಿಸಿ ಕೊಡಬೇಕೆಂದು 1983ರಲ್ಲೇ ಕಾಯ್ದೆ ಮಾಡಿತು. ಇಲ್ಲಿ ಅಂಗಡಿಯವರು ಗೀಸರ್ ಜೋಡಿಸಿ ಹೋಗುವಾಗ ತಿರುಗಣೆಯನ್ನು ಇಳಿಸಿ ಹೋಗಲು ಕೇಳಿಕೊಳ್ಳುವುದು ಯಾರಿಗೂ ಕಷ್ಟವಲ್ಲ. ಸುಟ್ಟ ಮೇಲೆ ಮಾಡಬೇಕಾದ್ದನ್ನೂ ಈ ಪಾಠದಲ್ಲೇ ಕಲಿಸಬೇಕು: ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯುವುದು, ಅರಿಸಿನ, ಶಾಯಿ, ಪೇಸ್ಟು ಹಚ್ಚದಿರುವುದು, ನೇರ ಆಸ್ಪತ್ರೆಗೆ ಹೋಗುವುದು.

ಇಷ್ಟು ಹೇಳಿದಾಗ ಹಿರಿಯರಿಂದ ಒಂದು ಆಕ್ಷೇಪ ಬರುತ್ತದೆ. ನಾವೂ ತೆರೆದ ಬಾವಿ, ಸೌದೆ ಒಲೆ, ಕಟ್ಟೆಯಿಲ್ಲದ ಮಾಳಿಗೆಯ ಮನೆಗಳಲ್ಲೇ ಬೆಳೆದವರಲ್ಲವೇ, ನಮಗೇನಾಯಿತು? ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಹೀಗೆ ಕೇಳುವ ಅವಕಾಶ ಸಿಗುವುದು ಉಳಿದವರಿಗೆ ಮಾತ್ರ. ಆ ಬಾವಿಗೆ ಬಿದ್ದವರು ಜಗಲಿಯ ಮೇಲೆ ಕುಳಿತು ತಮ್ಮ ಬಾಲ್ಯ ನೆನೆಯುವುದಿಲ್ಲ. ಹಳೆಯ ಮನೆತನಗಳಲ್ಲಿ ಮಕ್ಕಳ ಲೆಕ್ಕ ಕೇಳಿದಾಗ ‘ಹುಟ್ಟಿದ್ದು ಎಂಟು, ಉಳಿದದ್ದು ಐದು’ ಎನ್ನುತ್ತಿದ್ದರಲ್ಲ, ಹೋದ ಮೂರರಲ್ಲಿ ಎಲ್ಲವೂ ಜ್ವರದಿಂದಲೇ ಹೋಗಿರಲಿಕ್ಕಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮಕ್ಕಳು ಬಿದ್ದು ಎದ್ದು ಕಲಿಯಬೇಕು, ಮರ ಹತ್ತಬೇಕು, ನೀರಿಗಿಳಿಯಬೇಕು. ಎಲ್ಲದಕ್ಕೂ ಬೇಲಿ ಹಾಕಿದರೆ ಮಕ್ಕಳು ಅಳುಕುಬುರುಕರಾಗುತ್ತಾರೆ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಮೊಣಕಾಲು ತರಚಿಕೊಳ್ಳುವುದು ಬಾಲ್ಯದ ಹಕ್ಕು. ನಾನು ವಿರೋಧಿಸುವುದು ಮಗುವಿಗೆ ಏನನ್ನೂ ಕಲಿಸದ ಅಪಾಯವನ್ನು. ಮರದಿಂದ ಜಾರಿದ ಹುಡುಗ ಮುಂದಿನ ಸಲ ಕೊಂಬೆ ನೋಡಿ ಹಿಡಿಯುತ್ತಾನೆ, ಸೀಮೆಎಣ್ಣೆ ಕುಡಿದ ಮಗು ಅದರಿಂದ ಯಾವ ಪಾಠ ಕಲಿಯುತ್ತದೆ? ಕೊಲ್ಲುವ ಅಪಾಯಗಳನ್ನು ಮನೆಯಿಂದ ತೆಗೆದಿಟ್ಟ ತಾಯಿ ಮಗುವನ್ನು ಅಂಗಳದಲ್ಲಿ ನಿಶ್ಚಿಂತೆಯಿಂದ ಓಡಾಡಲು ಬಿಡಬಲ್ಲಳು. ಎಲ್ಲವನ್ನೂ ಕಣ್ಣಿನಿಂದಲೇ ಕಾಯಬೇಕಾದವಳು ಕೊನೆಗೆ ಮಗುವನ್ನು ಕಟ್ಟಿಹಾಕುತ್ತಾಳೆ, ಇಲ್ಲವೇ ಮೊಬೈಲ್ ಕೊಟ್ಟು ಕೂರಿಸುತ್ತಾಳೆ.

ಅಂಗಳದಾಚೆಗೆ ಹೋದರೆ ಕುಟುಂಬದ ಶಕ್ತಿ ಮುಗಿಯುತ್ತದೆ. ಬಾಂಗ್ಲಾದೇಶದಲ್ಲಿ ಹಳ್ಳಿಯ ಮನೆಗೆ ಅಂಟಿಕೊಂಡೇ ಕೆರೆಕುಂಟೆಗಳು. ಅಲ್ಲಿ ಪುಟ್ಟ ಮಕ್ಕಳು ಹೆಚ್ಚಾಗಿ ಮುಳುಗುತ್ತಿದ್ದುದು ತಾಯಂದಿರು ಕೆಲಸದಲ್ಲಿ ಮುಳುಗಿರುವ ಬೆಳಗಿನಿಂದ ಮಧ್ಯಾಹ್ನದವರೆಗಿನ ಹೊತ್ತಿನಲ್ಲಿ. ಇದನ್ನು ಗಮನಿಸಿದ ಅಲ್ಲಿನ ಸಂಶೋಧಕರು ತಾಯಂದಿರಿಗೆ ಮತ್ತೊಂದು ಉಪದೇಶ ಕೊಡಲಿಲ್ಲ. ಊರಿನ ಒಬ್ಬ ಹೆಣ್ಣುಮಗಳ ಮನೆಯಲ್ಲೇ ‘ಆಂಚಲ್’ ಎಂಬ ಶಿಶುಪಾಲನಾ ಕೇಂದ್ರ ತೆರೆದರು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಮಕ್ಕಳು ಅಲ್ಲಿ ಆಡುತ್ತವೆ, ಹಾಡು ಕಲಿಯುತ್ತವೆ, ನೀರಿನಿಂದ ದೂರ ಇರುತ್ತವೆ. ಈ ಕೇಂದ್ರಗಳಿಗೆ ಹೋಗುವ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಬಹುಪಾಲು ಇಳಿದದ್ದನ್ನು ಕಂಡು ಅಲ್ಲಿನ ಸರ್ಕಾರ 2022ರಲ್ಲಿ ಇಂಥ 8,000 ಕೇಂದ್ರಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಈಗ ವಿಶ್ವ ಆರೋಗ್ಯ ಸಂಸ್ಥೆಯೂ ಎಳೆಯ ಮಕ್ಕಳಿಗೆ ಇದೇ ಕ್ರಮವನ್ನು ಶಿಫಾರಸು ಮಾಡುತ್ತದೆ.

ನಮ್ಮಲ್ಲಿ ಇದಕ್ಕೆ ಬೇಕಾದ ಬೀಜ ಈಗಾಗಲೇ ಬಿದ್ದಿದೆ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 4,000 ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಕರ್ನಾಟಕ ಸರ್ಕಾರ 2023ರಲ್ಲಿ ಘೋಷಿಸಿತು. ಅದನ್ನು ಕೂಲಿ ಯೋಜನೆಯ ಅನುಕೂಲವೆಂದಷ್ಟೇ ನೋಡುತ್ತಿದ್ದೇವೆ. ನನ್ನ ದೃಷ್ಟಿಯಲ್ಲಿ ಅದು ಮಕ್ಕಳ ಪ್ರಾಣ ಕಾಯುವ ಯೋಜನೆ. ಒಂದು ಕೂಸಿನ ಮನೆ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದರೆ, ನೂರು ಚಿತ್ರಪಟ ಮಾಡಲಾಗದ ಕೆಲಸವನ್ನು ಅದು ಮಾಡುತ್ತದೆ.

ಕೃಷಿ ಹೊಂಡದ ಕತೆಯೂ ಹೀಗೆಯೇ. ಬರದ ಸೀಮೆಗೆ ಕೃಷಿ ಭಾಗ್ಯ ಯೋಜನೆಯ ಹೊಂಡಗಳು ಉಪಕಾರ ಮಾಡಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು ಇಂಗದಂತೆ ಹಾಸಿದ ಪಾಲಿಥೀನ್ ಹಾಳೆ ನೆನೆದರೆ ಪಾಚಿಗಲ್ಲಿನಂತೆ ಜಾರುತ್ತದೆ. ಇಳಿದ ಮಗುವಷ್ಟೇ ಅಲ್ಲ, ಅದನ್ನು ಎತ್ತಲು ಹೋದ ದೊಡ್ಡವರೂ ಮೇಲೆ ಬರಲಾರರು. ಸುತ್ತ ತಂತಿ ಬೇಲಿ, ದಡದ ಕಂಬಕ್ಕೆ ಬಿಗಿದು ನೀರಿನೊಳಗೆ ಇಳಿಬಿಟ್ಟ ಗಂಟು ಹಾಕಿದ ಹಗ್ಗ, ಗಾಳಿ ತುಂಬಿದ ಒಂದು ಹಳೆಯ ಟ್ಯೂಬು. ಇಷ್ಟಿದ್ದರೆ ಎಷ್ಟೋ ಮಕ್ಕಳು ಮನೆಗೆ ಮರಳುತ್ತಿದ್ದವು. ಈಗ ಯೋಜನೆಯಲ್ಲಿ ಬೇಲಿಗೂ ಸಹಾಯಧನವಿದೆ. ಬೇಲಿಯಿಲ್ಲದ ಹೊಂಡಕ್ಕೆ ಅಂತಿಮ ಕಂತು ಬಿಡುಗಡೆ ಮಾಡಬಾರದು.

ಕೊಳವೆ ಬಾವಿಗಳ ಬಗ್ಗೆ ಸುಪ್ರೀಂ ಕೋರ್ಟು 2010ರಲ್ಲೇ ಸ್ಪಷ್ಟ ಸೂಚನೆ ಕೊಟ್ಟಿದೆ: ಕೊರೆಯುವಾಗ ಬೇಲಿ, ಕೊಳವೆಗೆ ಉಕ್ಕಿನ ಮುಚ್ಚಳ, ಬತ್ತಿದ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು ಕಲ್ಲು ತುಂಬಿ ಮುಚ್ಚಬೇಕು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆ ಬಾವಿಗೆ ಬಿದ್ದ ಎಳೆಯ ಮಗುವನ್ನು ಸುಮಾರು 20 ಗಂಟೆಗಳ ಬಳಿಕ ಜೀವಂತವಾಗಿ ಮೇಲೆತ್ತಿದಾಗ ನಾಡೇ ಸಂತೋಷಪಟ್ಟಿತು. ಆ ಸಂತೋಷದಲ್ಲಿ ನಾನೂ ಪಾಲುದಾರ. ರಕ್ಷಣೆಗೆ ದುಡಿದವರಿಗೆ ಕೈ ಮುಗಿಯುತ್ತೇನೆ. ಅಂದು ಅಲ್ಲಿಗೆ ಧಾವಿಸಿದ ಯಂತ್ರ, ಸಿಬ್ಬಂದಿ, ಆಂಬುಲೆನ್ಸುಗಳ ಖರ್ಚಿನಲ್ಲಿ ಆ ತಾಲ್ಲೂಕಿನ ಎಷ್ಟು ಕೊಳವೆಗಳಿಗೆ ಮುಚ್ಚಳ ಹಾಕಬಹುದಿತ್ತು ಎಂಬ ಲೆಕ್ಕವನ್ನೂ ಯಾರಾದರೂ ಮಾಡಬೇಕಿತ್ತು.

ಸ್ವೀಡನ್ 1954ರಲ್ಲಿ ಮಕ್ಕಳ ಅಪಘಾತ ತಡೆಗೆಂದೇ ಒಂದು ಜಂಟಿ ಸಮಿತಿ ಮಾಡಿತು. ವೈದ್ಯರು, ನಗರ ಯೋಜಕರು, ಸ್ವಯಂಸೇವಾ ಸಂಸ್ಥೆಗಳು ಸೇರಿ ಆಟದ ಜಾಗವನ್ನು ವಾಹನಗಳಿಂದ ಬೇರ್ಪಡಿಸುವುದು, ಕಟ್ಟಡ ನಿಯಮ, ಈಜು ಕಲಿಕೆ, ಮಕ್ಕಳ ಆರೋಗ್ಯ ಕೇಂದ್ರದಲ್ಲಿ ತಂದೆತಾಯಿಗೆ ತಿಳಿವಳಿಕೆ ಎಲ್ಲವನ್ನೂ ಒಟ್ಟಿಗೆ ಕೈಗೆತ್ತಿಕೊಂಡರು. ಇಂದು ಮಕ್ಕಳು ಅಪಘಾತದಿಂದ ಸಾಯುವುದು ಅತಿ ಕಡಿಮೆಯಿರುವ ದೇಶಗಳಲ್ಲಿ ಸ್ವೀಡನ್ ಒಂದು. ತಿಳಿವಳಿಕೆ ಅಲ್ಲೂ ಇತ್ತು, ಆದರೆ ಅದನ್ನು ಒಂಟಿಯಾಗಿ ಬಿಡಲಿಲ್ಲ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಮನೆಯ ಗಂಡಸರು ಈ ಭಾನುವಾರ ಬಚ್ಚಲಿಗೆ, ಔಷಧಿಯ ಕಪಾಟಿಗೆ ಎತ್ತರದ ಚಿಲಕ ಹಾಕಲಿ, ಸಂಪಿನ ಮುಚ್ಚಳಕ್ಕೆ ಬೀಗ ಹಾಕಲಿ. ಮುಂದಿನ ಗ್ರಾಮಸಭೆಯಲ್ಲಿ, ವಾರ್ಡ್ ಸಮಿತಿಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಊರಿನಲ್ಲಿ ಬೇಲಿಯಿಲ್ಲದ ಹೊಂಡ ಎಷ್ಟು, ಮುಚ್ಚಳವಿಲ್ಲದ ಕೊಳವೆ ಬಾವಿ ಎಷ್ಟು, ಕೂಸಿನ ಮನೆ ತೆರೆದಿರುವುದು ಎಷ್ಟು ಗಂಟೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಮನೆಗೆ ಹೋಗಿ.